ಒರಳಿನ ಹತ್ರ ಗೋಡೆ ಸೊಟ್ಟ

ನಮ್ಮ ಅಂಗಡಿಗೆ ಬರೋ ಗಿರಾಕಿಗಳಿಗೆ ಖಾಲಿ ಜಾಗ ಕಂಡ್ರೆ ಆಗಲ್ಲ. ಲಗ್ನಪತ್ರಿಕೆ ಅಂದ್ಮೇಲೆ ಮೇಲೆ ಗಣಪತಿ, ಆ ಕಡೆ ಈ ಕಡೆ ಬಾಳೆಕಂಬ, ಕೆಳಗೆ ಓಲಗದೋರು, ಮಧ್ಯೆ ಮನೆದೇವರು, ತೀರ್ಕೊಂಡ ಅಜ್ಜ ಅಜ್ಜಿ ಫೋಟೋ, ಇಷ್ಟೆಲ್ಲ ಆದ್ಮೇಲೂ ಎಲ್ಲಾದ್ರೂ ಒಂದಿಂಚು ಬೆಳ್ಳಗೆ ಉಳ್ಕೊಂಡ್ರೆ "ಅಲ್ಲೊಂದು ಗಿಣಿ ಹಾಕ್ಬಿಡ್ರಿ, ಹೆಂಗೂ ದುಡ್ಡು ಅಷ್ಟೇ ಅಲ್ವಾ" ಅಂತಾರೆ. ದಾವಣಗೆರೆಯಲ್ಲಿ ಅಪ್ಪಾಜಿ ಮೂವತ್ತು ವರ್ಷ ಇದೇ ಸ್ಕ್ರೀನ್ ಪ್ರಿಂಟಿಂಗ್ ಮಾಡ್ಕೊಂಡು ಬಂದ್ರು, ಈಗ ಮೊಣಕಾಲು ನೋವು, ಕೈ ನಡುಕ ಅಂತ ಕೌಂಟರ್‌ನಲ್ಲಿ ಕೂತು ಪ್ರೂಫ್ ತಿದ್ದೋದು ಮಾತ್ರ, ಮಿಕ್ಕಿದ್ದು ನಂದು. ಗಿಣಿ ಹಾಕಿ ಹಾಕಿ ನನ್ನ ಕೈ ಚೆನ್ನಾಗಿ ಪಳಗಿದೆ.

ಒಂದ್ಸಲ ಬೆಂಗಳೂರಲ್ಲಿ ಕೆಲಸ ಮಾಡೋ ಹುಡುಗ ತನ್ನ ಮದುವೆ ಕಾರ್ಡಿಗೆ ಬಂದಿದ್ದ, "ಮ್ಯಾಮ್ ಏನೂ ಬೇಡ, ಬಿಳಿ ಕಾರ್ಡು, ಒಂದು ಕಪ್ಪು ಗೆರೆ, ಕೆಳಗೆ ಹೆಸರು, ಸಾಕು" ಅಂದ. ನಂಗೆ ಒಳಗೊಳಗೇ ಖುಷಿ ಆಯ್ತು, ಸಂಜೆನೇ ಸ್ಯಾಂಪಲ್ ಹೊಡೆದೆ. ಮರುದಿನ ಅವರಮ್ಮ ಬಂದ್ರು. ಕಾರ್ಡನ್ನ ಎರಡು ಬೆರಳಲ್ಲಿ ಹಿಡ್ಕೊಂಡು "ಏನ್ರೀ ಇದು, ಶಿವಗಣಾರಾಧನೆ ಪತ್ರಿಕೆ ಮಾಡಿದೀರಾ ನನ್ ಮಗನ ಮದುವೆಗೆ?" ಅಂದ್ರು. ಅವರದ್ದೂ ತಪ್ಪಲ್ಲ, ನಮ್ಮ ಕಡೆ ಬರೀ ಕಪ್ಪಲ್ಲಿ ಹೊಡೆಯೋ ಕಾರ್ಡು ಆ ಸಾವಿನ ಕಾರ್ಯದ್ದೊಂದೇ. ಕೊನೆಗೆ ಅದೇ ಗಣಪತಿ, ಅದೇ ಬಾಳೆಕಂಬ. ಗಿಣಿ ಮಾತ್ರ ಬೇಡ ಅಂತ ಹುಡುಗ ಹಠ ಹಿಡಿದ, ಅಷ್ಟಾದ್ರೂ ಗೆದ್ದ ಪಾಪ.

ಆ ಸ್ಯಾಂಪಲ್ ಕಾರ್ಡು ನನ್ನ ಡ್ರಾಯರಲ್ಲೇ ಇತ್ತು. ಆಮೇಲೆ 2023ರ ಜುಲೈ 16, ಭಾನುವಾರ, ಮನೆಯಲ್ಲಿ ದೋಸೆ ತಿಂತಾ ಫೋನ್ ತೆಗೆದೆ, ಗೂಗಲ್ ಮುಖಪುಟದಲ್ಲಿ ಒಬ್ಬ ವಯಸ್ಸಾದ ಹೆಂಗಸಿನ ಚಿತ್ರ, ಸುತ್ತ ಗೆರೆ, ಚೌಕ, ಆಕಾರಗಳು. ಒತ್ತಿ ನೋಡಿದ್ರೆ ಜರೀನಾ ಹಾಶ್ಮಿ ಅನ್ನೋ ಪ್ರಿಂಟ್ ಕಲಾವಿದೆ, ಅವತ್ತು ಅವರ ಹುಟ್ಟಿದ ದಿನ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿದೋರು, ತಂದೆ ಅಲ್ಲೇ ಯೂನಿವರ್ಸಿಟಿಯಲ್ಲಿ ಇತಿಹಾಸದ ಪ್ರೊಫೆಸರ್, ಇವರು ಓದಿದ್ದು ಗಣಿತ. ಗಂಡ ವಿದೇಶಾಂಗ ಸೇವೆಯಲ್ಲಿ ಇದ್ದಿದ್ರಿಂದ ಬ್ಯಾಂಕಾಕ್, ಪ್ಯಾರಿಸ್, ಬಾನ್, ಆಮೇಲೆ ತಾವಾಗೇ ಟೋಕಿಯೋ, ಲಾಸ್ ಏಂಜಲೀಸ್, ನ್ಯೂಯಾರ್ಕ್ ಅಂತ ಜೀವನ ಪೂರ್ತಿ ಗಂಟುಮೂಟೆ ಕಟ್ಟೋದೇ ಆಯ್ತು. ಈ ಕಡೆ ತವರಿನೋರು ಕರಾಚಿಗೆ ಹೋಗ್ಬಿಟ್ರು. ಕೊನೆಗೆ 2020ರಲ್ಲಿ ಲಂಡನ್‌ನಲ್ಲಿ ತೀರ್ಕೊಂಡ್ರು. ಪ್ಯಾರಿಸ್‌ನಲ್ಲಿ ಅವರು ಕಲಿತಿದ್ದು ಅಟೆಲಿಯೇ 17ರಲ್ಲಿ, ಹೇಟರ್ ಅನ್ನೋರ ಪ್ರಿಂಟಿಂಗ್ ಸ್ಟುಡಿಯೋ, ಅಲ್ಲೇ ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯ ಕೃಷ್ಣಾ ರೆಡ್ಡಿ ಕೂಡ ಇದ್ರು, ಒಂದೇ ಪ್ಲೇಟ್ ಮೇಲೆ ಇಂಕಿನ ಎಣ್ಣೆ ಹೆಚ್ಚು ಕಮ್ಮಿ ಮಾಡಿ ಹತ್ತಾರು ಬಣ್ಣ ಹೊಡೆಯೋ ವಿದ್ಯೆ ಅವರದ್ದು. ಜರೀನಾದು ಪೂರಾ ಉಲ್ಟಾ. ಕಪ್ಪು, ಪೇಪರಿನ ಬಣ್ಣ, ಮುಗೀತು.

ಅವರ 1999ರ ಒಂದು ಸರಣಿ ಇದೆ, 36 ವುಡ್‌ಕಟ್, ಅಂದ್ರೆ ಮರ ಕೆತ್ತಿ ಹೊಡೆದ ಪ್ರಿಂಟು, ಮನೆ ಅನ್ನೋದೇ ಪರದೇಶ ಅನ್ನೋ ಅರ್ಥದ ಹೆಸರು. ಒಂದೊಂದು ಹಾಳೆಗೆ ಒಂದೊಂದು ಉರ್ದು ಪದ, ಮೇಲೆ ಒಂದು ಸಣ್ಣ ಜಾಮಿಟ್ರಿ. ಮನೆ, ಹೊಸ್ತಿಲು, ಬಾಗಿಲು ಹೀಗೆ. ಒಂದಕ್ಕೆ ನಾಲ್ಕೈದು ಗೆರೆ ಮೀರಲ್ಲ. ಇದನ್ನ ನಮ್ಮ ಬೈಂಡಿಂಗ್ ಚಾಚಾಗೆ ತೋರಿಸಿದೆ, ಅವರು ಆಜಾದ್ ನಗರದಿಂದ ಬರ್ತಾರೆ, ಪೇಪರ್ ಕಟಿಂಗ್ ಎಲ್ಲ ಅವರೇ. ಕನ್ನಡಕ ಹಾಕ್ಕೊಂಡು ಫೋನನ್ನ ದೂರ ಹಿಡ್ಕೊಂಡು ಒಂದೊಂದೇ ಓದಿದ್ರು. ಹೊಸ್ತಿಲಿಗೆ ನಿಮ್ಮಲ್ಲಿ ಏನಂತಾರೆ ಚಾಚಾ ಅಂದ್ರೆ "ಚೌಖಟ್ ಅಂತೀವಮ್ಮಾ" ಅಂದ್ರು. ನಂಗೆ ತಟ್ಟನೆ ಹೊಳೀತು, ನಾವು ಬಾಗಿಲಿಗೆ, ಫೋಟೋಗೆ, ಅಂಗಡಿಯಲ್ಲಿ ಇಂಕು ಇಳಿಯೋ ಮೆಶ್ ಬಟ್ಟೆ ಬಿಗಿಯೋ ಮರದ ಫ್ರೇಮಿಗೆ ಎಲ್ಲದಕ್ಕೂ ಚೌಕಟ್ಟು ಅಂತೀವಲ್ಲ. ಇಡೀ ದಿನ ಚೌಕಟ್ಟು ಎತ್ತಿ ಇಳಿಸಿ ಮಾಡೋಳಿಗೆ ಈ ಪದದ ಮೇಲೆ ಯಾವತ್ತೂ ಗಮನ ಹೋಗಿರ್ಲಿಲ್ಲ. ಚಾಚಾ ಫೋನ್ ವಾಪಸ್ ಕೊಡ್ತಾ "ಇಷ್ಟು ಕಮ್ಮಿ ಇಂಕಿನ ಕೆಲಸಕ್ಕೆ ಎಷ್ಟು ತಗೊಳ್ತಾರಮ್ಮ" ಅಂದ್ರು. ಅದನ್ನ ಮಾತ್ರ ನಾನು ಹೇಳಕ್ಕೆ ಹೋಗ್ಲಿಲ್ಲ.

ಸರಿ, ನಾವೂ ಒಂದು ಕೈ ನೋಡೋಣ ಅಂತ ಮೊದಲು ಸ್ಕ್ರೀನಲ್ಲೇ ಶುರು ಮಾಡಿದೆ, ಇಷ್ಟು ವರ್ಷದ ಕಸುಬು, ಒಂದು ಕಪ್ಪು ಚೌಕ ಹೊಡೆಯೋದು ಏನ್ ಮಹಾ. ಆರಿಂಚು ಆರಿಂಚು ಚೌಕ. ಪ್ರಿಂಟಿಂಗ್ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ ಈಗಾಗ್ಲೇ ನಗ್ತಿರ್ತೀರ. ಅಕ್ಷರದಲ್ಲಿ, ಗಣಪತಿಯಲ್ಲಿ, ಬಳ್ಳಿಯಲ್ಲಿ ಎಲ್ಲಾ ತಪ್ಪೂ ಮುಚ್ಚಿಹೋಗುತ್ತೆ, ಪೂರ್ತಿ ಬಣ್ಣ ತುಂಬೋ ಸಾಲಿಡ್‌ನಲ್ಲಿ ಹೋಗಲ್ಲ. ಮೆಶ್‌ಗೆ ಬಳಿಯೋ ಎಮಲ್ಷನ್ ಮೇಲೆ ಒಂದು ಧೂಳಿನ ಕಣ ಕೂತಿದ್ರೂ ಪಿನ್‌ಹೋಲ್, ಅಂದ್ರೆ ಸೂಜಿ ತೂತು, ಸ್ಕ್ವೀಜಿ (ಇಂಕು ಎಳೆಯೋ ರಬ್ಬರ್ ಪಟ್ಟಿ) ಎಳೀವಾಗ ಮಧ್ಯದಲ್ಲಿ ಉಸಿರು ಬಿಟ್ರೆ ಅಲ್ಲೊಂದು ಅಡ್ಡ ಪಟ್ಟಿ, ಏಪ್ರಿಲ್ ಬಿಸಿಲಿಗೆ ಇಂಕು ಮೆಶ್‌ನಲ್ಲೇ ಒಣಗಿ ಮೂಲೆ ಖಾಲಿ ಖಾಲಿ. ಎಂಟು ಶೀಟ್ ಹಾಳಾಯ್ತು. ಒಂಬತ್ತನೇದು ಪರವಾಗಿಲ್ಲ ಅನ್ನೋ ಅಷ್ಟರಲ್ಲಿ ನೋಡಿದ್ರೆ ಬಲಗಡೆ ಅಂಚು ಗರಗಸದ ಹಲ್ಲಿನ ಥರ ಇದೆ, ಯಾಕಂದ್ರೆ ಪಾಸಿಟಿವ್, ಅಂದ್ರೆ ಚಿತ್ರದ ಫಿಲ್ಮು, ಇಡುವಾಗ ಕೂದಲೆಳೆಯಷ್ಟು ಓರೆ ಆಗಿದೆ, ಗೆರೆ ಮೆಶ್‌ನ ದಾರಕ್ಕೆ ಸರಿಯಾಗಿ ಕೂರದೇ ಒಂದು ದಾರದಿಂದ ಇನ್ನೊಂದು ದಾರಕ್ಕೆ ಹಾರ್ಕೊಂಡು ಹೋಗಿದೆ. ಲಗ್ನಪತ್ರಿಕೆಯಲ್ಲಿ ಇದು ನಂಗೆ ಈ ಜನ್ಮದಲ್ಲಿ ಕಾಣ್ತಿರ್ಲಿಲ್ಲ.

ಆಗ ಆಗ್ನೆಸ್ ಮಾರ್ಟಿನ್ ಅನ್ನೋ ಕಲಾವಿದೆದು ನೋಡಿದೆ, 1973ರಲ್ಲಿ ಅವರು ಮಾಡಿಸಿದ 30 ಸ್ಕ್ರೀನ್‌ಪ್ರಿಂಟು, ಹನ್ನೆರಡಿಂಚು ಚೌಕದ ಹಾಳೆ, ಅದರಲ್ಲಿ ಬರೀ ಬೂದು ಗೆರೆ, ಅಡ್ಡ ಉದ್ದ, ನಮ್ಮ ಗಣಿತದ ನೋಟ್‌ಬುಕ್ ಥರ. ಜನ ನೋಡಿ ಧ್ಯಾನ, ಮೌನ, ಸಮುದ್ರ ಅಂತ ಏನೇನೋ ಅಂತಾರೆ, ಇರ್ಲಿ. ನಾನು ಮಾತ್ರ ಇದನ್ನ ಎಳೆದ ಪುಣ್ಯಾತ್ಮ ಪ್ರಿಂಟರ್ ಯಾರೋ, ಮೂವತ್ತು ಹಾಳೆಯ ಅಷ್ಟು ಸಣ್ಣ ಗೆರೆಗಳನ್ನ ಒಂದೂ ಹಲ್ಲು ಬೀಳದ ಹಾಗೆ ಹೆಂಗೆ ತೆಗೆದ ಅಂತ ಅದನ್ನೇ ಜೂಮ್ ಮಾಡಿ ಮಾಡಿ ನೋಡ್ತಾ ಕೂತಿದ್ದೆ.

ಜೋಸೆಫ್ ಆಲ್ಬರ್ಸ್ ಅನ್ನೋ ಕಲಾವಿದರ ಬಗ್ಗೆ ಹೇಳ್ದೇ ಹೋದ್ರೆ ಆಗಲ್ಲ. ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು, 1950ರಿಂದ 1976ರಲ್ಲಿ ಸಾಯೋ ತನಕ ಅದನ್ನೇ ಮಾಡಿದ ಮನುಷ್ಯ, ಪೇಂಟಿಂಗ್‌ನಲ್ಲೂ ಪ್ರಿಂಟ್‌ನಲ್ಲೂ. ಅವರಪ್ಪ ಮನೆಗಳಿಗೆ ಬಣ್ಣ ಹೊಡೆಯೋ ಕಸುಬಿನೋರು, ಬಾಗಿಲಿಗೆ ಬಣ್ಣ ಹೊಡೀವಾಗ ನಡುವಿಂದ ಶುರು ಮಾಡಿ ಹೊರಗೆ ಬಾ, ಸೋರಿದ್ದು ಸಿಗುತ್ತೆ, ತೋಳೂ ಹಾಳಾಗಲ್ಲ ಅಂತ ಹೇಳ್ಕೊಟ್ಟಿದ್ರಂತೆ, ಮಗ ಚೌಕಕ್ಕೂ ಹಂಗೇ ಮಾಡಿದ್ರು. ತಾನು ಬಣ್ಣ ಹಚ್ಚೋದು ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ ಅಂತಾನೂ ಹೇಳ್ಕೊಳ್ತಿದ್ರು. (ನಮ್ಮೂರಿಗೆ ಬಂದಿದ್ರೆ ಮಾತು ಇಷ್ಟಕ್ಕೇ ನಿಲ್ತಿರ್ಲಿಲ್ಲ, ಕಾವಲಿ ಮುಂದೆ ಕೂತ್ಬಿಡ್ತಿದ್ರು.) 1963ರಲ್ಲಿ ಬಂದ ಅವರ ಬಣ್ಣದ ಪಾಠದ ಪುಸ್ತಕದ ಪ್ಲೇಟುಗಳನ್ನ ಸ್ಕ್ರೀನ್ ಪ್ರಿಂಟಿಂಗ್‌ನಲ್ಲೇ ಹೊಡೆದಿದ್ದು. ಒಂದೇ ಬಣ್ಣ ಎರಡು ಬೇರೆ ಬೇರೆ ನೆಲದ ಮೇಲೆ ಇಟ್ರೆ ಎರಡು ಬಣ್ಣದ ಥರ ಕಾಣುತ್ತೆ ಅನ್ನೋದು ಅವರ ಮುಖ್ಯ ಪಾಠ. ಇದು ನಂಗೆ ಗಿರಾಕಿಗಳಿಂದ ಎಂದೋ ಗೊತ್ತು, "ಸ್ಯಾಂಪಲ್‌ನಲ್ಲಿ ಇದ್ದ ಕೆಂಪು ಇದಲ್ಲ ಕಣ್ರಿ" ಅಂತ ಜಗಳ ಮಾಡ್ತಾರಲ್ಲ, ಅದೇ ಡಬ್ಬಿಯ ಕೆಂಪೇ ಆಗಿರುತ್ತೆ, ಕಾರ್ಡು ಹಳದಿ ಬದಲು ಗುಲಾಬಿ ಆಗಿರುತ್ತೆ ಅಷ್ಟೇ.

ಅಂಗಡಿಯಲ್ಲಿ ನಾವು ಎರಡು ಬಣ್ಣ ಕೂಡೋ ಕಡೆ ಒಂದರ ಮೇಲೊಂದು ಚೂರು ಹತ್ತಿಸ್ತೀವಿ, ಮಧ್ಯೆ ಬಿಳಿ ಗೆರೆ ಇಣುಕಬಾರದು ಅಂತ. ಬಣ್ಣ ಕೂರದೆ ಔಟ್ ಆದ್ರೆ ಕಾರ್ಡು ವಾಪಸ್ ಬರುತ್ತೆ. ಎರಡು ಮಿಲಿಮೀಟರ್ ಔಟ್ ಆದ್ರೆ ಗಣಪತಿ ಹಣೆ ಮೇಲಿನ ಕುಂಕುಮ ಕಿವಿಗೆ ಹೋಗಿರುತ್ತೆ. ಎರಡು ಮಿಲಿಮೀಟರ್ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಸ್ಕ್ರೀನ್ ಬಿಟ್ಟು ಮರಕ್ಕೆ ಬಂದಿದ್ದು ಜರೀನಾ ಅವರ 2001ರ ಇನ್ನೊಂದು ವುಡ್‌ಕಟ್ ನೋಡಿ. ಭಾರತ ಪಾಕಿಸ್ತಾನದ ಗಡಿರೇಖೆ, ಅಷ್ಟೇ. ತಿಳಿ ಬಣ್ಣದ ಹಾಳೆ ಮೇಲೆ ಒಂದು ದಪ್ಪ ಕಪ್ಪು ಗೆರೆ ಮೇಲಿಂದ ಕೆಳಗೆ ಹಾವಿನ ಥರ ಹೋಗುತ್ತೆ, ದೇಶದ ಹೆಸರಿಲ್ಲ ಊರಿನ ಹೆಸರಿಲ್ಲ. ತುಂಬಾ ಹೊತ್ತು ನೋಡಿದ್ಮೇಲೆ ನಂಗೆ ಹೊಳೆದಿದ್ದು ಕೆಲಸದ ವಿಷಯ. ವುಡ್‌ಕಟ್‌ನಲ್ಲಿ ಇಂಕು ಹತ್ತೋದು ಮೇಲೆ ಉಳಿದ ಮರಕ್ಕೆ. ಗೆರೆ ಕಪ್ಪಗೆ ಬರ್ಬೇಕಂದ್ರೆ ಗೆರೆಯನ್ನ ಕೆತ್ತೋ ಹಾಗಿಲ್ಲ, ಗೆರೆ ಬಿಟ್ಟು ಆ ಕಡೆ ಈ ಕಡೆ ಇರೋ ಅಷ್ಟೂ ನೆಲವನ್ನ ಉಳಿಯಲ್ಲಿ ತೆಗೀತಾ ಹೋಗ್ಬೇಕು. ಅರುವತ್ತು ದಾಟಿದ ಹೆಂಗಸು ಕೂತ್ಕೊಂಡು ಎರಡು ದೇಶವನ್ನ ಚೂರು ಚೂರೇ ಕೆತ್ತಿ ಹೊರಗೆ ಹಾಕಿ ಗಡಿಯೊಂದನ್ನೇ ಉಳಿಸ್ಕೊಂಡಿದಾರೆ.

ಗಡಿ ಅಂದ್ರೆ ನಮ್ಮನೆಗೂ ಒಂದಿದೆ. ಹಳೇ ದಾವಣಗೆರೆಯಲ್ಲಿ ನಮ್ಮದು ಮೂವತ್ತು ಐವತ್ತರ ಮನೆ, ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಅಪ್ಪಾಜಿ ಮತ್ತೆ ಚಿಕ್ಕಪ್ಪ ಪಾಲಾದ್ರು, ಜಗಳ ಏನಿಲ್ಲ, ಅಂದ್ರೆ ಇತ್ತು, ಎಲ್ಲರ ಮನೆಯಲ್ಲಿ ಇರೋ ಅಷ್ಟು. ಪಡಸಾಲೆ ನಡುವಿಂದ ಹಿತ್ತಲವರೆಗೆ ನಾಲ್ಕೂವರೆ ಇಂಚಿನ ಗೋಡೆ ಎದ್ದಿತು. ಈಗಲೂ ಇದೆ. ಆ ಕಡೆ ಚಿಕ್ಕಮ್ಮನ ಕುಕ್ಕರ್ ಎಷ್ಟು ಸೀಟಿ ಹೊಡೀತು ಅಂತ ಈ ಕಡೆ ನಾವು ಎಣಿಸ್ತೀವಿ. ಜರೀನಾ 1994ರಲ್ಲಿ ತಮ್ಮ ತಂದೆ ಮನೆಯ ನಕ್ಷೆಯನ್ನೇ ಎಚ್ಚಿಂಗ್ (ಲೋಹದ ಪ್ಲೇಟಿನಿಂದ ತೆಗೆಯೋ ಪ್ರಿಂಟು) ಮಾಡಿದಾರೆ, ನಾನೂ ಅದನ್ನೇ ಮಾಡೋಣ ಅಂತ ಬೀರುವಿಂದ ಪಾಲುಪತ್ರದ ನಕ್ಷೆ ತೆಗೆದೆ, ಅಡಿಗೆ ಕಾಲಿಂಚು ಲೆಕ್ಕ ಹಾಕಿದೆ, ಏಳೂವರೆ ಇಂಚು ಅಗಲ, ಹನ್ನೆರಡೂವರೆ ಇಂಚು ಉದ್ದ. ಹೊರಗೋಡೆಯ ಆಯತ, ಎರಡು ಕಡೆ ಮೂರ್ಮೂರು ಕೋಣೆಯ ಅಡ್ಡಗೆರೆ, ನಡುವೆ ಒಂದು ಉದ್ದ ಗೆರೆ, ಮತ್ತೆ ಒಂದು ಸಣ್ಣ ದುಂಡು. ಆ ದುಂಡು ನೆಲಕ್ಕೆ ಹೂತಿರೋ ಒರಳು, ಅಡಿಗೆಮನೆ ಹತ್ರ, ನಮ್ಮ ಪಾಲಿನದ್ದು. ಒರಳು ನಕ್ಷೆಯಲ್ಲಿ ಇರ್ಲಿಲ್ಲ, ನಾನೇ ಸೇರಿಸಿದ್ದು, ಬರೀ ನೆಟ್ಟಗಿನ ಗೆರೆಗಳ ಮಧ್ಯೆ ಒಂದು ದುಂಡು ಇದ್ರೆ ಕಣ್ಣು ನಿಲ್ಲುತ್ತೆ ಅಂತ.

ಆರು ಎಂಎಂ ಪ್ಲೈವುಡ್ ತಂದು ಹನ್ನೆರಡು ರಾತ್ರಿ ಕೆತ್ತಿದೆ. ಅಂಗಡಿ ಬಾಗಿಲು ಹಾಕಿದ್ಮೇಲೆ ಎರಡೆರಡು ಗಂಟೆ. ಪ್ಲೈವುಡ್ ಮೇಲ್ಪದರ ಎಳೆ ಗುಂಟ ಹೋದ್ರೆ ಬೆಣ್ಣೆ, ಎಳೆಗೆ ಅಡ್ಡ ಹೋದ್ರೆ ಸಿಬಿರು ಎದ್ದು ಪಕ್ಕದ ಗೆರೆಯನ್ನೂ ಕಿತ್ಕೊಂಡು ಬರುತ್ತೆ. ಗೋಡೆ ಗೆರೆ ದಪ್ಪ ಎಷ್ಟು ಗೊತ್ತಾ, ಎರಡು ಮಿಲಿಮೀಟರ್ ಚಿಲ್ಲರೆ. ಇಂಕು ಪಕ್ಕದ ಆಫ್‌ಸೆಟ್ ಪ್ರೆಸ್‌ನೋರು ಕೊಟ್ಟ ಡಬ್ಬಿ ತಳದ ಕಪ್ಪು. ಐವರಿ ಕಾರ್ಡಿನ ಮೇಲೆ ಅದು ಜಾರಿ ಹೋಯ್ತು, ಹಳೇ ಸ್ಟಾಕಿನ ಹ್ಯಾಂಡ್‌ಮೇಡ್ ಪೇಪರ್ ಸಿಕ್ತು, ಅದಕ್ಕೆ ಕಚ್ಕೊಂಡ್ತು. ಪ್ರೆಸ್ ಇಲ್ಲ, ಹಿತ್ತಾಳೆ ಸೌಟಿನ ಬೆನ್ನಲ್ಲಿ ಉಜ್ಜಿದ್ದು, ಅಮ್ಮ ಆ ಸೌಟನ್ನ ವಾಪಸ್ ಅಡಿಗೆಗೆ ಸೇರಿಸಿಲ್ಲ ಇವತ್ತಿಗೂ.

ಹಾಳೆ ಎತ್ತಿ ನೋಡಿದ್ರೆ ಒರಳು ಚಿಕ್ಕಪ್ಪನ ಕಡೆ ಇದೆ.

ಮೂವತ್ತು ವರ್ಷದ ಅಂಗಡಿಯ ಮಗಳು. ಸ್ಕ್ರೀನಲ್ಲಿ ಇಂಕು ಮೆಶ್ ದಾಟಿ ನೇರ ಕೆಳಗೆ ಬೀಳುತ್ತೆ, ಎಡಗಡೆದು ಎಡಗಡೆನೇ. ಮರದ ಬ್ಲಾಕಲ್ಲಿ ಹಾಳೆ ಮುಖ ಕೆಳಗೆ ಮಾಡಿ ಮಲಗುತ್ತೆ, ಎಲ್ಲಾ ಉಲ್ಟಾ. ಶಾಲೆ ಮಕ್ಕಳು ಆಲೂಗಡ್ಡೆ ಅಚ್ಚು ಮಾಡೋವಾಗ ಕಲಿಯೋ ವಿಷಯ ಇದು. ಅಪ್ಪಾಜಿಗೆ ತೋರಿಸ್ದೇನೇ ಮಡಚಿಟ್ಟು ಎರಡನೇ ಪ್ಲೈವುಡ್ ತಂದೆ, ಈ ಸಲ ನಕ್ಷೆ ತಿರುಗಿಸಿ ಹಾಕ್ಕೊಂಡೆ, ಇನ್ನು ಹತ್ತು ರಾತ್ರಿ.

ಎರಡನೇ ಪ್ರಿಂಟು ಚೆನ್ನಾಗಿ ಬಂತು, ನಾನೇ ಹೇಳ್ಕೋಬಾರದು ಆದ್ರೂ. ಗೆರೆ ಚೂಪಾಗಿತ್ತು, ನಡುವಿನ ಗೋಡೆ ಮೇಲಿಂದ ಕೆಳಗೆ ಸ್ಕೇಲ್ ಹಿಡಿದ ಹಾಗೆ, ಪಕ್ಕದಲ್ಲಿ ಒರಳು ಕೂದಲೆಳೆ ಅಂತರದಲ್ಲಿ. ಕೌಂಟರ್ ಮೇಲೆ ಇಟ್ಟೆ. ಅಪ್ಪಾಜಿ ಪ್ರೂಫ್ ನೋಡೋ ಹಾಗೇ ನೋಡಿದ್ರು, ಅಂದ್ರೆ ಮೊದಲು ಅಂಚು, ಆಮೇಲೆ ಮೂಲೆಗಳು, ಆಮೇಲೆ ಒಳಗೆ. ಇದೇನು ಅಂತ ಕೇಳ್ಲಿಲ್ಲ, ನೋಡಿದ ತಕ್ಷಣ ಗೊತ್ತಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಬೆರಳಿಟ್ಟು "ಇಲ್ಲಿ ತಪ್ಪೈತವ್ವ" ಅಂದ್ರು.

"ಎಲ್ಲಿ ಅಪ್ಪಾಜಿ? ಪಾಲುಪತ್ರ ನೋಡೇ ಮಾಡಿದ್ದು."

"ಪತ್ರದಾಗೆ ನೆಟ್ಟಗೈತಿ. ಮನಿಯಾಗೆ ಎಲ್ಲೈತಿ ನೆಟ್ಟಗೆ? ಒರಳಿನ ಹತ್ರ ನಾಕಿಂಚು ಆ ಕಡಿಗೆ ಸರದೈತಿ."

ಆಮೇಲೆ ಕಥೆ ಹೇಳಿದ್ರು. ಗೋಡೆ ಕಟ್ಟೋವಾಗ ದಾರ ಹಿಡಿದ್ರೆ ಗೆರೆ ಸರಿಯಾಗಿ ಒರಳಿನ ಅಂಚಿನ ಮೇಲೆ ಬರ್ತಿತ್ತಂತೆ. ಗಾರೆ ಮೇಸ್ತ್ರಿ ಒರಳು ಕಿತ್ತುಬಿಡ್ತೀನಿ ಅಂದ. ಅಜ್ಜಿ ಒರಳಿನ ಮೇಲೆ ಹೋಗಿ ಕೂತ್ಬಿಟ್ಲು, ಮಧ್ಯಾಹ್ನದ ತನಕ ಏಳ್ಲಿಲ್ಲ, ಊಟಕ್ಕೂ. ಕೊನೆಗೆ ಚಿಕ್ಕಪ್ಪನೇ "ಹೋಗ್ಲಿ ಬಿಡಣ್ಣ, ಗೋಡೆನೇ ಈ ಕಡೆ ತಗೋ" ಅಂದ್ರಂತೆ, ಮೇಸ್ತ್ರಿ ಅಲ್ಲೊಂದು ಕಡೆ ಮಾತ್ರ ನಾಲ್ಕಿಂಚು ಚಿಕ್ಕಪ್ಪನ ಪಾಲಿನೊಳಗೆ ಗೋಡೆ ಬಗ್ಗಿಸಿ ಮುಂದೆ ಮತ್ತೆ ದಾರಕ್ಕೆ ತಂದ. ಅಲ್ಲಿ ಈಗ ಬೀರು ನಿಂತಿದೆ, ಅದಕ್ಕೇ ನಂಗೆ ಇಷ್ಟು ವರ್ಷ ಕಂಡಿಲ್ಲ. ನಾಲ್ಕಿಂಚು ಅಂದ್ರೆ ನನ್ನ ಅಳತೆಯಲ್ಲಿ ಎರಡು ಮಿಲಿಮೀಟರ್.

ಮತ್ತೆ ನಾನೇನು ಮಾಡಿದ್ದೆ ಅಂದ್ರೆ, ಗೋಡೆ ನೆಟ್ಟಗೆ ಇರ್ಲಿ ಅಂತ ಒರಳನ್ನ ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿಸಿದ್ದೆ. ಅಳತೆ ಹಾಕುವಾಗ ಗೆರೆಗೆ ತಾಗ್ತಿತ್ತು, ಚೆಂದ ಕಾಣಲ್ಲ ಅಂತ. ಇದನ್ನ ಹೇಳ್ದಾಗ ಅಪ್ಪಾಜಿ ನಕ್ಕರು. "ಒರಳು ಅಲ್ಲಾಡಂಗಿಲ್ಲವ್ವ. ಗ್ವಾಡಿನೇ ಅಲ್ಲಾಡಿದ್ದು."

ಡೊನಾಲ್ಡ್ ಜಡ್ ಅಂತ ಅಮೆರಿಕದ ದೊಡ್ಡ ಮಿನಿಮಲಿಸ್ಟ್, ಅಂದ್ರೆ ಆದಷ್ಟು ಕಮ್ಮಿಯಲ್ಲೇ ಮುಗಿಸೋ ಕಲಾವಿದ, ಆರಂಭದಲ್ಲಿ ಅವರ ವುಡ್‌ಕಟ್‌ಗಳಿಗೆ ಬ್ಲಾಕ್ ಕೆತ್ತಿ ಕೊಟ್ಟಿದ್ದು ಅವರಪ್ಪ ರಾಯ್ ಜಡ್. ಇದನ್ನ ಅಪ್ಪಾಜಿಗೆ ಹೇಳಿದ್ದೇ ತಪ್ಪಾಯ್ತು, "ತಾ ಇಲ್ಲಿ" ಅಂತ ಉಳಿ ಇಸ್ಕೊಂಡ್ರು. ಆದ್ರೆ ಕೆತ್ತಿ ಹೋದ ಮರ ವಾಪಸ್ ಬರಲ್ವಲ್ಲ, ಗೋಡೆ ಸರೀಬೇಕಾದ ಜಾಗ ಆಗ್ಲೇ ಗುಂಡಿ ಆಗಿದೆ. ನಾನು ಮೂರನೇ ಬ್ಲಾಕ್ ಅಂತ ಲೆಕ್ಕ ಹಾಕ್ತಿದ್ರೆ ಅಪ್ಪಾಜಿ ಎದುರಿನ ಹಾರ್ಡ್‌ವೇರ್ ಅಂಗಡಿಯಿಂದ ಎಂ-ಸೀಲ್ ತರಿಸಿದ್ರು. ನಾದಿ, ಗುಂಡಿಗೆ ತುಂಬಿ, ಒಣಗಿಸಿ, ಸ್ಯಾಂಡ್‌ಪೇಪರ್ ಉಜ್ಜಿ, ಒರಳನ್ನ ಅದರ ಜಾಗದಲ್ಲೇ ಮತ್ತೆ ಕೆತ್ತಿ, ಗೋಡೆಯನ್ನ ಅದರ ಸುತ್ತ ಬಗ್ಗಿಸಿದ್ರು. ಕೈ ನಡುಗುತ್ತೆ ಅಂತ ಸ್ಕ್ವೀಜಿ ಬಿಟ್ಟ ಮನುಷ್ಯ.

ಪ್ರಿಂಟ್ ತೆಗೆದ್ರೆ ಆ ತೇಪೆ ಕಾಣುತ್ತೆ. ಮಿಕ್ಕ ಗೆರೆಗಳಲ್ಲಿ ಮರದ ಎಳೆ ಬೆಳ್ಳಗೆ ಸಣ್ಣದಾಗಿ ಇಣುಕುತ್ತೆ, ಒರಳಿನ ಹತ್ರ ಮಾತ್ರ ಎಳೆ ಇಲ್ಲ, ಗಟ್ಟಿ ಕಪ್ಪು. ಇದು ದೋಷ ಅಂತ ನಂಗೆ ಗೊತ್ತು, ಅಂಗಡಿ ಕೆಲಸ ಆಗಿದ್ರೆ ಬಿಲ್‌ನಲ್ಲಿ ಕಡಿಮೆ ಮಾಡಿಸ್ಕೊಳ್ತಿದ್ರು. ಐದು ಪ್ರಿಂಟ್ ತೆಗೆದು ಪೆನ್ಸಿಲ್ಲಲ್ಲಿ ಐದರಲ್ಲಿ ಒಂದು, ಐದರಲ್ಲಿ ಎರಡು ಅಂತ ನಂಬರ್ ಹಾಕಿದೆ, ಅದು ಪ್ರಿಂಟ್ ಮಾಡೋರ ಪದ್ಧತಿ. ಚಾಚಾ ಒಂದು ಕೇಳಿ ತಗೊಂಡ್ರು, ದುಡ್ಡಿನ ಪ್ರಶ್ನೆ ಕೇಳ್ಲಿಲ್ಲ.

ಒಂದನ್ನ ಚಿಕ್ಕಪ್ಪನಿಗೆ ಕೊಡಕ್ಕೆ ಹೋದೆ. ಕನ್ನಡಕ ಹಣೆ ಮೇಲೆ ಏರಿಸಿ ನೋಡಿ, "ಮೊದಲು ಒಂದು ಉಲ್ಟಾ ಆಗಿತ್ತಂತಲ್ಲೇ, ನಿಮ್ಮಪ್ಪ ಹೇಳ್ತಿದ್ದ" ಅಂದ್ರು. ಅಂದ್ರೆ ಅಪ್ಪಾಜಿಗೆ ಅದು ಗೊತ್ತಿತ್ತು, ಕಸದ ಬುಟ್ಟಿ ಪಕ್ಕ ಮಡಚಿಟ್ಟಿದ್ದನ್ನ ನೋಡಿಬಿಟ್ಟಿದಾರೆ. "ನಂಗೆ ಅದೇ ಬೇಕು" ಅಂದ್ರು ಚಿಕ್ಕಪ್ಪ. ಮಡಿಕೆ ಗೆರೆ ಬಿದ್ದಿದೆ ಚಿಕ್ಕಪ್ಪ, ಅದು ರಿಜೆಕ್ಟು ಅಂದ್ರೂ ಕೇಳ್ಲಿಲ್ಲ. ಫ್ರೇಮ್ ಹಾಕಿಸ್ಕೊಂಡು ಬಂದು ಹೋದ ಭಾನುವಾರ ಪಡಸಾಲೆ ಗೋಡೆಗೆ, ಇನ್ಯಾವ ಗೋಡೆ, ಅದೇ ನಡುವಿನ ಗೋಡೆಗೆ ಮೊಳೆ ಹೊಡೆದ್ರು. ಆ ಕಡೆ ಮೂರು ಏಟು ಬಿದ್ದಿದ್ದಕ್ಕೆ ಈ ಕಡೆ ನಮ್ಮ ಕ್ಯಾಲೆಂಡರ್ ಹಿಂದಿಂದ ಗಾರೆ ಉದುರಿ ಅಪ್ಪಾಜಿ ದೋಸೆ ತಟ್ಟೆಗೆ ಬಿತ್ತು. "ನಿಧಾನಕ್ಕೆ ಹೊಡಿಯೋ, ನಾಕೂವರಿ ಇಂಚು ಐತಷ್ಟೇ" ಅಂತ ಅಪ್ಪಾಜಿ ಕೂತಲ್ಲಿಂದಲೇ ಕೂಗಿದ್ರು.